ದಾಖಲಾಗದ ಕಣಗಳು

ಅನಗವಾಡಿಯ ಶೈಲಾ ಏಳು ವರ್ಷ ಒಂದೇ ಸಂಗತಿಯ ಬೆನ್ನು ಹತ್ತಿದ್ದಳು. ಸೀಸದ ಪರಮಾಣುವಿನ ಬೀಜಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಎದುರುಬದುರು ಗುದ್ದಿಸಿದರೆ, ಸೂರ್ಯನ ಒಡಲಿಗಿಂತ ಲಕ್ಷಪಟ್ಟು ಬಿಸಿಯಾದ ದ್ರವ್ಯ ಹುಟ್ಟುತ್ತದೆ. ಹುಟ್ಟಿದ ಕ್ಷಣವೇ ಹೋಗಿಬಿಡುತ್ತದೆ. ಅದನ್ನು ಯಾರೂ ಕಾಣಲಾರರು. ಅದರಿಂದ ಸಿಡಿದು ಬಂದ ಕಣಗಳನ್ನು ಎಣಿಸಿ, ಒಳಗೆ ಏನಾಗಿತ್ತೆಂದು ತಿಳಿಯಬೇಕು. ಗುದ್ದಾಟ ನಡೆಯುವುದು ಯುರೋಪಿನ ನೆಲದಡಿಯ ಸುರಂಗದಲ್ಲಿ. ಅಂಕಿಗಳು ಮಾತ್ರ ಶೈಲಾ ಕೂತಿದ್ದ ವಿಶ್ವವಿದ್ಯಾಲಯದ ಕಂಪ್ಯೂಟರಿಗೂ ಬರುತ್ತಿದ್ದವು.

ಅವಳನ್ನು ಈ ಕೆಲಸಕ್ಕೆ ಎಳೆದವರು ತೇರದಾಳದ ಜೈನ ಮನೆತನದ ಪ್ರೊಫೆಸರ್ ಧರಣೇಂದ್ರ. ಜಮಖಂಡಿಯ ಕಾಲೇಜಿಗೆ ಉಪನ್ಯಾಸಕ್ಕೆ ಬಂದಾಗ, ಕುರಿ ಸಾಕುವ ಮನೆಯ ಈ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯದೆ ನಕ್ಕಿದ್ದರು. "ನನ್ನ ಕಡೆ ಬಾ, ಇಬ್ಬರೂ ಕೂಡಿ ಹುಡುಕೂಣು" ಅಂದಿದ್ದರು.

ಐದನೆಯ ವರ್ಷ ಅವಳಿಗೊಂದು ಫಲ ಸಿಕ್ಕಿತು. ಬೀಜಗಳು ಬರೀ ಅಂಚು ತಾಗಿಸಿಕೊಂಡು ಹೋದರೆ ಅಂಥ ಬಿಸಿ ದ್ರವ್ಯ ಹುಟ್ಟಲಾರದು ಎಂದು ಬಹಳ ಜನ ನಂಬಿದ್ದರು. ಶೈಲಾಳ ಎಣಿಕೆಯಲ್ಲಿ ಅಲ್ಲಿಯೂ ಎಷ್ಟೋ ಕಣಗಳು ಕಡಿಮೆ ಬಿದ್ದಿದ್ದವು, ಬಿಸಿಯನ್ನು ದಾಟುವಾಗ ಶಕ್ತಿ ಕಳೆದುಕೊಂಡಂತೆ. ಧರಣೇಂದ್ರ ಅದನ್ನು ಎರಡು ದೇಶಗಳಲ್ಲಿ ನಡೆದ ಸಮ್ಮೇಳನಗಳಲ್ಲಿ ಹೇಳಿಬಂದರು. ಲೇಖನ ಅಚ್ಚಿಗೆ ಹೋಗುವುದಿತ್ತು. ಅವರ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ.

ಆಗಲೇ ಒಂದು ಮಧ್ಯಾಹ್ನ ಹಳೆಯ ದಾಖಲೆಗಳಲ್ಲಿ ಶೈಲಾ ಒಂದು ಸಾಲು ನೋಡಿದಳು. ಅವಳು ಎಣಿಸಿದ ಅಂಕಿಗಳು ಬಂದ ವರ್ಷ, ಕಣಗಳನ್ನು ಹಿಡಿಯುವ ಯಂತ್ರದ ಒಂದು ಮೂಲೆ ಮೂರು ವಾರ ಕೆಟ್ಟು ನಿಂತಿತ್ತು. ಆ ವರ್ಷ ಸೀಸದ ಬೀಜಗಳನ್ನು ಓಡಿಸಿದ್ದೇ ಒಂದು ತಿಂಗಳು. ಆ ಮೂಲೆಗೆ ಬಿದ್ದ ಕಣಗಳು ದಾಖಲಾಗಿರಲೇ ಇಲ್ಲ. ಅವಳು ಬರೆದ ಪ್ರೋಗ್ರಾಂ ಅವನ್ನೆಲ್ಲ ಬಿಸಿಗೆ ಸಿಕ್ಕು ಹೋದವು ಎಂದು ಲೆಕ್ಕ ಹಿಡಿದಿತ್ತು. ಮೂಲೆಯನ್ನು ಬಿಟ್ಟು ಮತ್ತೆ ಎಣಿಸಿದಳು. ಫಲ ಏನೂ ಉಳಿಯಲಿಲ್ಲ.

"ಸರ್, ತಪ್ಪು ನಂದೈತ್ರಿ."

ಧರಣೇಂದ್ರ ಹಾಳೆಯ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿದರು. "ಖರೆ ಐತಿ" ಅಂದರು. "ಆದ್ರ ಒಂದ ವರ್ಷ ತಡಿ, ಶೈಲಾ. ನಾ ಮನಿಗೆ ಹ್ವಾದಮ್ಯಾಲ ಹೇಳು."

"ಅಲ್ಲೀತನಕಾ ಮಂದಿ ಇದನ್ನ ನಂಬಿ ಕೆಲಸಾ ಮಾಡ್ತಾರಲ್ರಿ."

"ನನ್ನ ಮಾರಿ ನೋಡಿಯಾದ್ರೂ ಸುಮ್ಮನಿರು."

ನಾಲ್ಕು ದಿನ ಅವಳು ಅದೇ ಎಣಿಕೆಯನ್ನು ಮತ್ತೆ ಮತ್ತೆ ಮಾಡಿದಳು. ಐದನೆಯ ದಿನ, ಊರೂರಿನ ಸಂಶೋಧಕರು ಸೇರಿದ್ದ ಆನ್‌ಲೈನ್ ಸಭೆಯಲ್ಲಿ ಹೇಳಿಬಿಟ್ಟಳು. ಯಾರೋ ಅವಳ ಪ್ರಾಮಾಣಿಕತೆ ಮೆಚ್ಚಿ ಎರಡು ಸಾಲು ಬರೆದರು. ಧರಣೇಂದ್ರ ತಮ್ಮ ಕ್ಯಾಮೆರಾ ಆರಿಸಿದರು. ಲೇಖನ ವಾಪಸಾಯಿತು. ಅವಳ ಪಿಎಚ್‌ಡಿ ಪ್ರಬಂಧವನ್ನು ಧರಣೇಂದ್ರ ಮತ್ತೆ ಕೈಗೆತ್ತಿಕೊಳ್ಳಲಿಲ್ಲ, ಬೇರೆ ಮಾರ್ಗದರ್ಶಕರು ಸಿಗಲಿಲ್ಲ. ಇನ್ನೊಂದು ವರ್ಷ ಕಾದು, ಪದವಿಯಿಲ್ಲದೆ ಊರಿಗೆ ಬಂದಳು.

ಅವ್ವ ಸುಂದರವ್ವ ಕೊಟ್ಟಿಗೆಯ ಕಸ ಬಳಿಯುತ್ತಿದ್ದವಳು ನಿಂತು ಕೇಳಿದಳು, "ಖರೆ ಹೇಳಿದ್ದಕ್ಕ ಕಳಿಸಿದ್ರೇನವ್ವಾ?"

"ಯಾರೂ ಕಳಿಸಿಲ್ಲಬೇ. ತಪ್ಪ ಮಾಡಿದಾಕಿ ನಾನ."

"ಹಂಗಾರ ಏಳ ವರ್ಷ ಹ್ವಾದ್ವು?"

"ಹ್ವಾದ್ವು."

ಶೈಲಾ ಜಮಖಂಡಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿದಳು. ಧರಣೇಂದ್ರರಿಗೆ ಲಕ್ವ ಹೊಡೆದ ಸುದ್ದಿ ಬಂದಾಗ ತೇರದಾಳಕ್ಕೆ ಹೋದಳು. ಅವರ ಮಗಳು ಪ್ರಾಚಿ ಬಾಗಿಲು ತೆಗೆದಳು. ಮಂಚದ ಮೇಲಿದ್ದವರು ತೊದಲುತ್ತ, "ಬರ್ರಿ, ಕುಂಡರ್ರಿ" ಅಂದರು. ಬಾ, ಹೋಗು ಎಂದೇ ಕರೆಯುತ್ತಿದ್ದವರು ಈಗ ಪರಕೀಯಳಿಗೆ ಕೊಡುವ ಮರ್ಯಾದೆ ಕೊಡುತ್ತಿದ್ದರು. ಕೃಷ್ಣೆಗೆ ನೀರೆಷ್ಟು ಬಂದಿದೆ ಎಂದು ವಿಚಾರಿಸಿದರು. ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

"ಸರ್, ನಾ ತಡೀಬೇಕಾಗಿತ್ತೇನ್ರಿ?"

ಅವರು ಗೋಡೆಯ ಕಡೆ ತಿರುಗಿದರು. "ಲೆಕ್ಕ ಸರಿ ಐತ್ರಿ ನಿಮ್ದು. ಬಸ್ಸಿಗೆ ಹೊತ್ತಾತು ನೋಡ್ರಿ."

ಕಳೆದ ವರ್ಷ ಬೇರೊಂದು ತಂಡ ಹೆಚ್ಚಿನ ಅಂಕಿಗಳನ್ನಿಟ್ಟುಕೊಂಡು ಅದೇ ಪ್ರಶ್ನೆ ಎತ್ತಿತು. ಅಂಚು ತಾಗಿದಾಗಲೂ ಏನೋ ಒಂದು ಸಣ್ಣ ಗುರುತು ಇರಬಹುದು, ಖಾತ್ರಿಯಿಲ್ಲ ಎಂದು ಬರೆದರು. ಆ ಲೇಖನದ ಮೇಲೆ ನೂರಾರು ಹೆಸರುಗಳಿದ್ದವು, ಶೈಲಾಳದಿರಲಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಎರಡು ಸಲ ಓದಿ, ಅದನ್ನು ಪ್ರಾಚಿಯ ಫೋನಿಗೆ ಕಳಿಸಿದಳು.

ಮೂರು ದಿನದ ಮೇಲೆ ಉತ್ತರ ಬಂತು. "ಪಪ್ಪಾಗ ಪೂರ್ತಿ ಓದಿ ಹೇಳಿದೆ ಅಕ್ಕಾ. ಕಣ್ಣ ಮುಚ್ಚಿ ಕೇಳಿದ್ರು. ಆಮ್ಯಾಲ ಗ್ವಾಡಿ ಕಡೆ ತಿರುಗಿದ್ರು."