ಹಿಂಡಿಯ ಡಬ್ಬಿ ಮತ್ತು ಚಿಗರಿ

ಮೊನ್ನೆ ಊಟಕ್ಕೆ ಕೂತು ಡಬ್ಬಿಯ ಮುಚ್ಚಳ ತೆಗೆದಾಗ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ, ಅಂದರೆ ನಮ್ಮ ಕಡೆಯ ಚಟ್ನಿಪುಡಿಯ, ವಾಸನೆ ಮೂಗಿಗೆ ಬಡಿಯಿತು. ಕೂಡಲೇ ಮುಚ್ಚಿ, ಗಾಳಿ ಯಾವ ಕಡೆಯದೆಂದು ಕಿಟಕಿಯತ್ತ ನೋಡಿದೆ. ಅಡುಗೆಮನೆಯಲ್ಲಿ ಗಾಳಿ ನೋಡುವ ಮನುಷ್ಯನನ್ನು ಕಂಡು ನೀವು ನಗಬಹುದು. ನಗಿರಿ, ನನ್ನ ಹೆಂಡತಿಯೂ ನಗುತ್ತಾಳೆ.

ಕಲಬುರಗಿಯಿಂದ ಮಹಾರಾಷ್ಟ್ರದ ಯೇವಲಾದ ಬ್ಯಾಂಕಿಗೆ ವರ್ಗವಾಗಿ ಬಂದ ಹೊಸತರಲ್ಲಿ ಈ ಚಾಳಿ ಅಂಟಿಸಿದವರು ನಮ್ಮ ಹೆಡ್ ಕ್ಯಾಶಿಯರ್, ಭಾಲ್ಕಿ ಕಡೆಯ ಶರಣಪ್ಪ ಕಾಕಾ. ಒಂಟಿ ಮನುಷ್ಯ. ಭಾನುವಾರ ಊರಾಚೆಯ ಬಯಲಿನಲ್ಲಿ, ಬಂದೂಕಿಲ್ಲದೆ, ಬರೀ ಹತ್ತಿರದಿಂದ ನೋಡುವ ಆಸೆಗೆ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಬೆನ್ನು ಹತ್ತುತ್ತಿದ್ದರು; ನನ್ನನ್ನೂ ಜೊತೆಗೆ ಕರೆದೊಯ್ದು ಕಲಿಸುತ್ತಿದ್ದರು. ಎದುರುಗಾಳಿಗೇ ನಡೆಯಬೇಕು, ಅದು ತಲೆಯೆತ್ತಿದರೆ ನಾವು ಎತ್ತಿದ ಕಾಲನ್ನೂ ಇಳಿಸಬಾರದು, ಕಣ್ಣಲ್ಲಿ ಕಣ್ಣಿಡಬಾರದು, ಮತ್ತೆ ಮೇಯತೊಡಗಿದರೆ ಮುಂದಿನ ಹೆಜ್ಜೆ. ನನಗೋ ಕಾಲು ಜೋಮು ಹಿಡಿಯುತ್ತಿತ್ತು, ಇಲ್ಲವೆ ಜೇಬಿನ ಮೊಬೈಲ್ ಬಡಿದುಕೊಳ್ಳುತ್ತಿತ್ತು. ಒಮ್ಮೆ ಕರಿಯ ಗಂಡೊಂದರ ಸಮೀಪ ಹೋಗಿ ಕೂತಾಗ ಹಸಿವು ತಾಳದೆ ಬುತ್ತಿ ಬಿಚ್ಚಿದೆ. ಗಾಳಿ ತಿರುಗಿತು, ಹಿಂಡಿಯ ವಾಸನೆಗೆ ಚಿಗರಿ ಚಂಗನೆ ಹಾರಿ ಓಡಿತು.

ಕಾಕಾ ಬೈಯಲಿಲ್ಲ. “ಹಸಿವು ನಿಂದು, ಅಂಜಿಕಿ ಅದರದು. ಅದರ ಅಂಜಿಕಿ ಹೋಗೋತನಾ ಕುಂಡ್ರಲಿಕ್ಕೆ ಕಲಿ,” ಎಂದರು.

ಮರುವರ್ಷ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ನಾಶಿಕದ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರು ಯಾರೊಂದಿಗೂ ಮಾತಾಡಲಿಲ್ಲ. ಅಣ್ಣನ ಮಕ್ಕಳು ಧೈರ್ಯ ಹೇಳಿದರು, ಬ್ಯಾಂಕಿನವರು ಹಣ್ಣು ಇಟ್ಟು ಹೋದರು. ಒಬ್ಬೊಬ್ಬರು ಬಂದಾಗಲೂ ಕಾಕಾ ಇನ್ನಷ್ಟು ಮುದುಡಿದರು. ಹೀಗೇ ಗೋಡೆ ನೋಡುತ್ತ ಒಬ್ಬರೇ ಹೋಗಿಬಿಟ್ಟಾರೆಂದು ನನಗೆ ಹೆದರಿಕೆ. ರಜೆಯ ದಿನ ಬಸ್ಸು ಹಿಡಿದು ಹೋಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂಡುತ್ತಿದ್ದೆ. ಅವರತ್ತ ನೋಡುತ್ತಿರಲಿಲ್ಲ. ಅವರ ಉಸಿರು ಹದಕ್ಕೆ ಬಂದಾಗ ಸ್ಟೂಲನ್ನು ತುಸು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮಂಚದ ಪಕ್ಕ ತಲುಪುವಷ್ಟರಲ್ಲಿ ಚಳಿಗಾಲ ಮುಗಿದಿತ್ತು.

ಹಾಗೆ ಪಕ್ಕಕ್ಕೆ ಬಂದು ಕೂತ ಮಧ್ಯಾಹ್ನ ಮತ್ತೆ ಹಸಿವು ತಾಳದೆ ಡಬ್ಬಿ ತೆಗೆದೆ. ಫ್ಯಾನಿನ ಗಾಳಿ ಅವರತ್ತಲೇ ಇತ್ತು. ಗಾಬರಿಯಾಗಿ ಮುಚ್ಚಲು ಹೋದಾಗ ಕಾಕಾ ಮೆಲ್ಲಗೆ ನನ್ನ ಕಡೆ ಹೊರಳಿದರು.

“ಮುಚ್ಚಬ್ಯಾಡ,” ಎಂದರು, ಕೇಳಿಸಿಯೂ ಕೇಳಿಸದಂತೆ. “ನಮ್ಮವ್ವ ಹಿಂಗ ಕುಟ್ತಿದ್ದಳು.”

ಅವರಿಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ಅವರು ನನ್ನ ಕಣ್ಣನ್ನೇ ನೋಡಿದರು, ನಾನೂ ನೋಡಿದೆ. ಮುಂದಿನ ಭಾನುವಾರ ಹೋದಾಗ ಮಂಚ ಖಾಲಿಯಿತ್ತು, ಬೇರೆ ಚಾದರ ಹಾಸಿದ್ದರು.

ಮೊನ್ನೆ ಮುಚ್ಚಿದ ಡಬ್ಬಿಯನ್ನು ಮತ್ತೆ ತೆಗೆದು, ಮುಚ್ಚಳವನ್ನು ಆಚೆಗಿಟ್ಟೆ. ರೊಟ್ಟಿ ಆರುತ್ತದೆ, ಉಣ್ಣಿರಿ ಎಂದಳು ಹೆಂಡತಿ. ತುತ್ತು ಮುರಿಯುವ ಮೊದಲು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ.