ಸಣ್ಣ ಹೊಳಬಸಪ್ಪನ ಕಳವು

ಹೋದ ಚಳಿಗಾಲದಲ್ಲಿ ನಾವು ಮಣ್ಣು ಮಾಡಿಬಂದ ಹೊಳಬಸಪ್ಪ ಇಳಕಲ್ಲಿನ ನಮ್ಮ ಓಣಿಯವನು, ನನ್ನ ಗೆಳೆಯ. ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುತ್ತಿದ್ದ. ಹಲಗಿ ಬಾರಿಸಲು ಕೂತರೆ ಪಕ್ಕದ ಓಣಿಯವರು ತಮ್ಮ ಹಲಗಿ ಕೆಳಗಿಟ್ಟು ಕೇಳುತ್ತಿದ್ದರು. ಸರಕಾರದ ದಾಖಲೆಯಲ್ಲಿ ಅವನು ಕಳ್ಳ. ಇದನ್ನು ಮುಚ್ಚಿಟ್ಟು ಅವನ ಬಗ್ಗೆ ಬರೆದರೆ ಅವನಿಗೇ ಸೇರುತ್ತಿರಲಿಲ್ಲ.

ಎಲ್ಲರೂ ಅವನನ್ನು ಸಣ್ಣ ಹೊಳಬಸಪ್ಪ ಎನ್ನುತ್ತಿದ್ದರು. ದೊಡ್ಡಪ್ಪನ ಮಗನಿಗೂ ಅದೇ ಹೆಸರಿತ್ತು. ಅಜ್ಜ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಬ್ಬರೂ ತಂತಮ್ಮ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟರು. ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ. ದೊಡ್ಡ ಹೊಳಬಸಪ್ಪ ನೇಕಾರ, ಮಾತು ಕಡಿಮೆ. ಎದೆನೋವೆಂದು ಕೂತವನು ಏಳಲಿಲ್ಲ. ಅವನ ಹೆಂಡತಿ ಶಿವಲಿಂಗವ್ವ, ಮಗಳು ನೇತ್ರಾ ಸಣ್ಣವನ ಮನೆಯ ಎದುರಿಗೇ ಇದ್ದಾರೆ.

ಕಳವಿನ ಸಂಗತಿ ಅರ್ಥವಾಗಬೇಕಾದರೆ ನಮ್ಮ ಕಡೆಯ ಹೋಳಿಹುಣ್ಣಿಮೆ ಗೊತ್ತಿರಬೇಕು. ಕಾಮನನ್ನು ಸುಡಲು ಕಟ್ಟಿಗೆ, ಕುಳ್ಳು ಕದ್ದೇ ತರಬೇಕು. ಬೇಡಿ ತಂದದ್ದು ಕಾಮನಿಗೆ ಸಲ್ಲುವುದಿಲ್ಲ. ಹಾಗಂತ ಮನೆಯವರಿಗೂ ಗೊತ್ತು. ಮುರಿದ ಹೊರಸಿನ ಕಾಲು, ಹುಳ ತಿಂದ ಕಿಟಕಿ, ಏನಾದರೂ ಒಂದನ್ನು ಹೊರಗೋಡೆಗೆ ಆನಿಸಿಟ್ಟು ಅವತ್ತು ಬೇಗ ಬಾಗಿಲು ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು, ಕದ್ದವರ ಕೈ ಸೇದಿಹೋಗಲಿ ಎಂದು ಓಣಿಗೆಲ್ಲ ಕೇಳುವಂತೆ ಬಯ್ಯುತ್ತಾರೆ. ಬೈದ ಬಾಯಿ ಆರುವ ಮೊದಲೇ ಅದೇ ಬೆಂಕಿಯಿಂದ ಕೆಂಡ ತಂದು ಒಲೆ ಹೊತ್ತಿಸುತ್ತಾರೆ.

ಹದಿನೈದು ವರ್ಷದ ಹಿಂದಿನ ಹೋಳಿಗೆ ದೂರದ ಜಿಲ್ಲೆಯ ಒಬ್ಬ ನೌಕರರು ನಮ್ಮ ಓಣಿಗೆ ಬಾಡಿಗೆಗೆ ಬಂದು ಒಂದು ತಿಂಗಳಾಗಿತ್ತು. ಅವರು ಒಂದು ಹಳೆಯ ಬಾಗಿಲಿಗೆ ಎಣ್ಣೆ ಹಚ್ಚಿ ಒಣಗಲೆಂದು ಹೊರಗೋಡೆಗೆ ಆನಿಸಿಟ್ಟಿದ್ದರು. ನಮ್ಮ ಹುಡುಗರು ಅದನ್ನು ಕಂಡು ಹಿಗ್ಗಿದರು: ಹೊಸಬರು ಎಷ್ಟು ದೊಡ್ಡ ಮನಸ್ಸಿನವರು, ಇಡೀ ಬಾಗಿಲನ್ನೇ ಇಟ್ಟಿದ್ದಾರೆ! ಎತ್ತಿ ತಂದವನು ಸಣ್ಣ ಹೊಳಬಸಪ್ಪ. ಇಪ್ಪತ್ತರ ಪ್ರಾಯ. ದೊಡ್ಡವನು ಆ ಹಬ್ಬಕ್ಕೆ ಊರಲ್ಲೇ ಇರಲಿಲ್ಲ, ಹೆಂಡತಿಯ ತವರು ಚೊಳಚಗುಡ್ಡಕ್ಕೆ ಹೋಗಿದ್ದ.

ಬೆಳಿಗ್ಗೆ ಆ ಮನುಷ್ಯ ಬೂದಿಯ ಮುಂದೆ ಬಂದು ನಿಂತರು. ನಾವು ಬೈಗುಳಕ್ಕೆ ಕಾದಿದ್ದೆವು. ಅವರು ಬಯ್ಯಲಿಲ್ಲ. ಬೂದಿಯಲ್ಲಿ ಕೈಯಾಡಿಸಿ ಒಂದು ಹಿತ್ತಾಳೆಯ ಬಳೆಯನ್ನು ಹೆಕ್ಕಿದರು, ಬಾಗಿಲ ಚಿಲಕದ್ದು. ಅದು ಅವರ ಅಪ್ಪ ಕೈಯಾರೆ ಮಾಡಿದ ಬಾಗಿಲು. ತಾವು ಕಟ್ಟುವ ಮನೆಗೆ ಇಡಿಸಬೇಕೆಂದು ಊರಿಂದೂರಿಗೆ ಹೊತ್ತು ತಿರುಗಿದ್ದರು. ಅಲ್ಲಿಂದ ನೇರವಾಗಿ ಠಾಣೆಗೆ ಹೋದರು. ತಪ್ಪು ಅವರದೆಂದು ನಾನು ಈಗಲೂ ಹೇಳಲಾರೆ.

ಪೊಲೀಸರು ಬಂದಾಗ ಹುಡುಗರೆಲ್ಲ ಚದುರಿದರು. ಹೊಳಬಸಪ್ಪ ಮೈಮೇಲಿನ ಬಣ್ಣದ ಸಮೇತ ನಿಂತು, ತಂದವನು ತಾನೇ ಎಂದ. ಹುನಗುಂದದ ಕೋರ್ಟಿನಲ್ಲಿ ವಕೀಲರು ಅವನಿಗೆ ದಾರಿ ತೋರಿಸಿದರು. ಇದು ಊರ ಪದ್ಧತಿ, ನಮಗೆಂದೇ ಇಟ್ಟಿದ್ದಾರೆಂದು ತಿಳಿದೆ ಎಂದು ಹೇಳು, ಸಾಕು ಎಂದರು. ಅವನು ಒಪ್ಪಲಿಲ್ಲ. ಬೂದಿಯಲ್ಲಿ ಕೈಯಾಡಿಸಿದ ಆ ಮನುಷ್ಯ ಅಲ್ಲಿಯೇ ಬೆಂಚಿನ ಮೇಲೆ ಕೂತಿದ್ದರು.

"ಅವರನ್ನ ಕೇಳಿದ್ರ ಕೊಡತಿರ್ಲಿಲ್ರಿ," ಎಂದ ವಕೀಲರಿಗೆ. "ಕೇಳದ ತಂದೇನಿ. ಅದಕ್ಕ ಕಳವು ಅನ್ನದ ಮತ್ತೇನ ಅನ್ಬೇಕು?"

ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಅಲ್ಲಿಗೆ ಅದು ಮುಗಿಯಿತೆಂದು ಅವನೂ ತಿಳಿದ, ನಾವೂ ತಿಳಿದೆವು. ಮುಂದಿನ ಹೋಳಿಗೆ ಗೆಳೆಯರು ಅವನಿಗೆ "ಬಾಗಲಕಳ್ಳ" ಎಂದು ಬಿರುದು ಕೊಟ್ಟರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

ಆಮೇಲಿನ ವರ್ಷಗಳು ಕಲ್ಲಿನವು. ಕೊಯ್ಯುವ ಯಂತ್ರದ ಮುಂದೆ ದಿನವಿಡೀ ನಿಂತು ಬಂದರೆ ಅವನ ಹುಬ್ಬು, ಕಿವಿ, ಅಂಗಿಯ ಕಾಲರು ಒಂದೇ ಬಣ್ಣವಾಗಿರುತ್ತಿದ್ದವು. ದಾನಮ್ಮನನ್ನು ಮದುವೆಯಾದ, ಮನೆ ಕಟ್ಟಿದ. ಕೆಮ್ಮು ಹತ್ತಿತು. ಬಾಗಲಕೋಟೆಯ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಔಷಧಕ್ಕಿಂತ ಮೊದಲು ಧೂಳು ಬಿಡು ಎಂದರು. ಅದೇ ಹೊತ್ತಿಗೆ ಹುನಗುಂದದ ಹತ್ತಿರ ಗಾಳಿಯಂತ್ರ ನೆಡುವ ಒಂದು ಕಂಪನಿ ಉಗ್ರಾಣ ನೋಡಿಕೊಳ್ಳಲು ಆಳು ಹುಡುಕುತ್ತಿತ್ತು. ಹೊಳಬಸಪ್ಪ ಹೋಗಿ ಮಾತಾಡಿಬಂದ. ಆಯ್ಕೆಯಾದ. ತಿಂಗಳ ಮೊದಲನೇ ತಾರೀಖಿನಿಂದ ಕೆಲಸ, ಹಿಂದಿನ ನಡತೆಯ ವಿಚಾರಣೆ ಮಾತ್ರ ಬಾಕಿ ಎಂದರು. ದಾನಮ್ಮ ಅವನ ಕಾರ್ಖಾನೆಯ ಅಂಗಿಗಳನ್ನು ಒಗೆದು ಒರಸುವ ಅರಿವೆ ಮಾಡಿಬಿಟ್ಟಳು. ಅಷ್ಟು ನಂಬಿಕೆ.

ವಿಚಾರಣೆಯವರಿಗೆ ಆ ಹಳೆಯ ಪ್ರಕರಣ ಸಿಕ್ಕಿತು. ಬಾಗಲಕೋಟೆ ನವನಗರದ ಕಂಪನಿ ಕಚೇರಿಯಿಂದ ರಾಧಿಕಾ ಎಂಬ ಅಧಿಕಾರಿ ಫೋನು ಮಾಡಿದರು. ಕಳವಿನಲ್ಲಿ ಶಿಕ್ಷೆಯಾದವರಿಗೆ ಉಗ್ರಾಣ ಒಪ್ಪಿಸುವ ಹಾಗಿಲ್ಲ, ಆದರೆ ದಾಖಲೆಯಲ್ಲಿ ಹೆಸರು, ಓಣಿ ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿಲ್ಲ, ನಿಮ್ಮ ಓಣಿಯಲ್ಲಿ ಇದೇ ಹೆಸರಿನವರು ಮತ್ತೊಬ್ಬರು ಇದ್ದಾರೆಯೇ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಇದ್ದರೆ ಬಂದು ತಿಳಿಸಿ, ಗುರುತು ತಪ್ಪಿದೆ ಎಂದು ತೀರ್ಮಾನಿಸಿ ಮುಂದುವರಿಯುತ್ತೇವೆ ಎಂದರು.

ಇದ್ದ. ಸತ್ತು ನಾಲ್ಕು ವರ್ಷವಾಗಿತ್ತು.

ಈ ಮಾತು ಓಣಿಯಲ್ಲಿ ಹರಡಲು ತಡವಾಗಲಿಲ್ಲ. ಹೇಳಿಬಿಡು ಎಂದವರೇ ಹೆಚ್ಚು. ದಾನಮ್ಮ ಮಾತ್ರ ಅವನು ಕೆಮ್ಮಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಮರುದಿನ ನಾನು ಅವರ ಕಟ್ಟೆಯ ಮೇಲೆ ಕೂತಿದ್ದಾಗ ಶಿವಲಿಂಗವ್ವ ಎದುರು ಮನೆಯಿಂದ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. ಕೂಡೆಂದರೂ ಕೂಡಲಿಲ್ಲ.

"ಹೊಳಬಸು, ನಿಮ್ಮಣ್ಣನ ಹೆಸರು ಹೇಳು," ಎಂದಳು. "ಸತ್ತಾವರಿಗೆ ನೌಕರಿ ಬೇಕಾಗೂದಿಲ್ಲ. ನಿನಗ ಉಸರು ಬೇಕಾಗೇತಿ. ನಾ ಹೇಳ್ತೇನಿ, ಹೇಳು."

ಅವನು ತಲೆ ತಗ್ಗಿಸಿದ. ಕಣ್ಣೀರು ಹಾಕುತ್ತಾನೆಂದೇ ಎಣಿಸಿದ್ದೆ. ಮುಖವೆತ್ತಿದಾಗ ತುಟಿಯಂಚಿನಲ್ಲಿ ಹಳೆಯ ತುಂಟತನವಿತ್ತು.

"ವೈನಿ, ಅಣ್ಣ ಜಲ್ಮದಾಗ ಒಂದು ಕುಳ್ಳ ಕದ್ದಾವಲ್ಲ. ಹೋಳಿಗೆ ಹೆಂಡ್ತಿ ತೌರಿಗೆ ಹೋಗಿ ಹೋಳಿಗಿ ತಿಂದಾವ. ಕಳವು ಮಾಡಿದಾವ ನಾ, ಹೆಸರು ಅವಗ ಹೋಗಬೇಕೇನು?"

ಶಿವಲಿಂಗವ್ವ ನಗಲಿಲ್ಲ. "ಚ್ಯಾಷ್ಟಿ ಬ್ಯಾಡ. ದಾನಮ್ಮನ ಮಾರಿ ನೋಡು."

"ನೋಡೇ ಹೇಳಾಕತ್ತೇನಿ," ಎಂದ, ದನಿ ತಗ್ಗಿಸಿ. "ನಾಳಿಗಿ ನೇತ್ರಾಗ ಯಾರರೆ ನಿಮ್ಮಪ್ಪ ಕಳ್ಳ ಅಂದ್ರ, ನಾ ಎದುರಿಗೆ ನಿಂತು ಅಲ್ಲ ಅನ್ನಾಕ ಬರಬೇಕಲ್ಲ?"

ಎರಡು ದಿನ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿ ನವನಗರಕ್ಕೆ ಹೋದೆವು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದೆ. ಇಂಥದ್ದನ್ನು ಎದುರಿಗೇ ಹೇಳಬೇಕು ಎಂದ. ರಾಧಿಕಾ ಅವರು ಕುರ್ಚಿ ಕೊಟ್ಟರು, ನೀರು ತರಿಸಿದರು. ಆ ಹೊಳಬಸಪ್ಪ ತಾನೇ ಎಂದು ಹೇಳಿ, ಬಾಗಿಲಿನ ಕತೆಯನ್ನೂ ಹೇಳಿದ. ಪದ್ಧತಿಯನ್ನು ನೆಪ ಮಾಡಲಿಲ್ಲ. ಅವರ ಅಪ್ಪ ಮಾಡಿದ ಬಾಗಿಲು ಎಂಬುದನ್ನು ಬಿಡಲಿಲ್ಲ. ಆಕೆ ತನ್ನ ಮೇಲಿನವರಿಗೆ ನಮ್ಮೆದುರೇ ಫೋನು ಮಾಡಿ, ಇಂಥವನನ್ನಲ್ಲದೆ ಮತ್ತಾರನ್ನು ಉಗ್ರಾಣಕ್ಕೆ ಇಡುತ್ತೀರಿ ಎಂದು ಇಂಗ್ಲಿಷಿನಲ್ಲಿ ವಾದಿಸಿದರು. ಆ ಕಡೆಯಿಂದ ನಿಯಮ ನಿಯಮವೇ ಎಂದರು. ಕೆಲಸ ಹೋಯಿತು.

ಹೊರಗೆ ಬಂದ ಮೇಲೆ ಅವನೇ ನನಗೆ ಚಹಾ ಕುಡಿಸಿದ. ಊರಿನ ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದುಹೋಗಿ ಕರದಂಟಿನ ದೊಡ್ಡ ಪೆಟ್ಟಿಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ.

ಮತ್ತೊಂದು ವರ್ಷ ಅವನು ಕಲ್ಲನ್ನೇ ಕೊಯ್ದ. ಆಮೇಲೆ ಟೆಂಪೊ ಓಡಿಸಲು ಕಲಿತು ಇಳಕಲ್ಲಿನ ಸೀರೆಗಳನ್ನು ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಮುಟ್ಟಿಸತೊಡಗಿದ. ಬಾಡಿಗೆ ಮುಗಿಸಿ ಮಹಾಕೂಟದ ಹೊಂಡದಲ್ಲಿ ಈಸು ಬಿದ್ದು ಬಂದೆ ಎಂದು ಹೇಳುವಾಗ ಅವನ ಮುಖ ಹುಡುಗನದಾಗುತ್ತಿತ್ತು. ಆದರೆ ಧೂಳು ಆಗಲೇ ಒಳಗೆ ಮನೆಮಾಡಿತ್ತು. ಕೆಲಸ ಸಿಕ್ಕಿದ್ದರೆ ಬದುಕುತ್ತಿದ್ದನೇ ಎಂದು ದವಾಖಾನೆಯ ಜಗಲಿಯಲ್ಲಿ ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಆ ಪ್ರಶ್ನೆ ನನ್ನ ಹತ್ತಿರವೇ ಉಳಿದಿದೆ. ಅವನು ಅದನ್ನು ಒಮ್ಮೆಯೂ ಕೇಳಿಕೊಂಡವನಲ್ಲ.

ನವನಗರದಿಂದ ಬಂದ ಆ ಸಂಜೆಯ ಹೊಳಬಸಪ್ಪನನ್ನು ಮಾತ್ರ ನಾನು ದಿನಾಲೂ ನೆನೆಯುತ್ತೇನೆ. ಪೆಟ್ಟಿಗೆ ಹಿಡಿದು ಓಣಿಗೆ ಕಾಲಿಟ್ಟವನನ್ನು ಕಂಡು ಜನ ಕೆಲಸ ಸಿಕ್ಕಿತೆಂದೇ ತಿಳಿದರು. ಶಿವಲಿಂಗವ್ವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಗಂಡನ ಹೆಸರು ಹೇಳು ಎಂದವಳು ತಾನೇ, ಹಿಂದೆಗೆಯುವಂತಿಲ್ಲ. ಅವನು ಮೊದಲು ಅವಳ ಬಾಗಿಲಿಗೇ ಹೋಗಿ ಪೆಟ್ಟಿಗೆ ಬಿಚ್ಚಿದ.

"ನೌಕರಿ ಹೋತು, ವೈನಿ. ತಗೋರಿ."

"ಹೋದದ್ದಕ್ಕ ಯಾರರೆ ಸಿಹಿ ಹಂಚ್ತಾರೇನೋ, ಹುಚ್ಚಪ್ಯಾಲಿ?"

"ಹೋಗಿದ್ದು ನಂದು," ಎಂದ. "ಉಳಿದ ಹೆಸರು ನಿಮ್ಮ ಮನೀದು. ಅದಕ್ಕ ಮೊದಲ ನಿಮಗ."

ಶಿವಲಿಂಗವ್ವ ಒಂದು ತುಂಡು ತೆಗೆದುಕೊಂಡು ಒಳಗೆ ಹೋಗಿ ಗಂಡನ ಫೋಟೋದ ಮುಂದಿಟ್ಟಳು. ಹೊರಗೆ ಬಂದು ಇನ್ನೊಂದನ್ನು ತೆಗೆದುಕೊಂಡಳು. ದಾನಮ್ಮನನ್ನು ಕೂಗಿ ಕರೆದು, ಅದನ್ನು ಮುರಿದು ಅರ್ಧ ಅವಳ ಬಾಯಿಗೆ ಹಾಕಿ, ಉಳಿದರ್ಧವನ್ನು ಅಲ್ಲೇ ಹೊಸ್ತಿಲ ಮೇಲೆ ಕೂತು ತಿಂದಳು.