ಅಂಬಿಗ ಸ್ತೋಯಾನನ ಹೆಸರು

ಕಿಲಿಯನ್ ಓಬರ್‌ಮೋಸರ್ ಕುದುರೆಗೆ ಜೀನು ಹೊಲಿಯುವವನ ಮಗ. ಶಾಲೆ ಕಂಡದ್ದು ನಾಲ್ಕೇ ವರ್ಷ. ಆದರೆ ವಿಯೆನ್ನಾದ ಕಾಫಿ ಮನೆಗಳಲ್ಲಿ ಕನ್ನಡಕ ಹಾಕಿದವರೆಲ್ಲ ಡಾಕ್ಟರೇ. ಹಾಗಾಗಿ ಅವನೂ ಡಾಕ್ಟರ್ ಸಾಹೇಬ. ಚಕ್ರವರ್ತಿಯ ಸೀಮೆಯನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಬಂದು, ಪತ್ರಿಕೆಯ ಮುಖಪುಟದಲ್ಲಿ ಗೆರೆಯ ಕೆಳಗೆ ಬರೆಯುತ್ತಿದ್ದ. ಗೆರೆಯ ಮೇಲೆ ರಾಜಕೀಯ, ಕೆಳಗೆ ಊರೂರಿನ ಸಂಗತಿ. ಅವನದು ಎರಡೇ ವ್ರತ: ಕಾಣದ್ದನ್ನು ಕಂಡೆ ಎನ್ನಬಾರದು, ರೊಟ್ಟಿ ಕೊಟ್ಟು ಮಾತಾಡಿಸಿದವರ ಹೆಸರು ಬಿಡಬಾರದು.

ಆ ಗುರುವಾರ ಮಧ್ಯಾಹ್ನ ಕಾಫಿಯ ಪಕ್ಕ ನೀರಿನ ಲೋಟ ಇಡುತ್ತಾ ಮಾಣಿ ಲೋರೆನ್ಟ್ಸ್ ಬಗ್ಗಿದ.

"ಕೇಳಿದ್ರಾ ಡಾಕ್ಟರ್ ಸಾಹೇಬ್ರೇ? ಆ ಇನ್ನೊಂದು ಪೇಪರಿನೋರು ಟಪಾಲಿನವನ ಮಾತು ಹೆಸರು ಸಮೇತ ಹಾಕಿದ್ರಲ್ಲ, ಅವನನ್ನ ಪೊಲೀಸರು ಎಳ್ಕೊಂಡು ಹೋದ್ರಂತೆ. ಬರೆದ ಮಹಾರಾಯ ಮಾತ್ರ ಆ ಮೂಲೇಲಿ ಕೂತು ಕೇಕ್ ತಿಂತಾವ್ನೆ ನೋಡಿ."

ಕಿಲಿಯನ್ ಕಾಫಿ ಬಟ್ಟಲು ಕೆಳಗಿಟ್ಟ. ಅವನ ಹೊಸ ಬರಹ ಆಗಲೇ ಅಚ್ಚುಮನೆಯಲ್ಲಿತ್ತು. ಗಡಿಯ ಜೌಗಿನಲ್ಲಿ ಜ್ವರ ಬಂದು ಸತ್ತ ಸಿಪಾಯಿಗಳನ್ನು ಯಾರಿಗೂ ತಿಳಿಸದೆ ಹೂತ ಸಂಗತಿ ಅದು. ಹೇಳಿದವನು ಡ್ಯಾನ್ಯೂಬ್ ದಾಟಿಸುವ ಅಂಬಿಗ ಸ್ತೋಯಾನ್, ಬಿಸಿ ಮೀನಿನ ಸಾರು ಬಡಿಸುತ್ತಾ. ಅವನ ಹೆಸರು, ಊರು, ಕೊನೆಗೆ ದೋಣಿಯ ಬಣ್ಣವನ್ನೂ ಬಿಡದೆ ಬರೆದಿದ್ದ. ಮೂರು ಗಂಟೆಗೆ ಮೊದಲ ಪ್ರತಿ ತಪಾಸಣೆಗೆಂದು ಪೊಲೀಸ್ ಕಚೇರಿಗೆ ಹೋಗಬೇಕು. ಗಡಿಯಾರದಲ್ಲಿ ಎರಡೂಕಾಲು.

ಹೊರಗೆ ಮಳೆ. ಕೊಡೆಯನ್ನು ಅದೇ ಸ್ತೋಯಾನನ ದೋಣಿಯಲ್ಲಿ ಮರೆತು ಬಂದಿದ್ದ. ತೊಯ್ದುಕೊಂಡೇ ಓಡಿದ.

ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ವೆನ್ಜೆಲ್ ಕೈ ಒರೆಸಿಕೊಳ್ಳುತ್ತಿದ್ದ. "ಪುಟ ಬಿಗಿದಾಯ್ತಲ್ಲ! ಬೇಕಾದ್ರೆ ಹೆಸರು ಕಿತ್ತು ಖಾಲಿ ಬಿಡ್ತೀನಿ."

"ಖಾಲಿ ಕಂಡ್ರೆ ಅಲ್ಲೇ ಮೂಗು ತೂರಿಸ್ತಾರೆ ಕಣಯ್ಯಾ. ಇಲ್ಲೇನಿತ್ತು ಅಂತ ನಿನ್ನನ್ನೇ ಹಿಡಿದು ಕೇಳ್ತಾರೆ."

"ಸರಿ, ಪೇತರ್ ಅಂತ ಹಾಕ್ಲಾ?"

"ಆ ದಂಡೇಲಿ ಹತ್ತು ಜನ ಪೇತರ್ ಅವ್ರೆ. ಹತ್ತೂ ಜನಕ್ಕೆ ಕೋಳ ಬೀಳುತ್ತೆ."

"ಇನ್ಯಾರ್ನ ಹಾಕ್ಲಿ, ಪೋಪ್‌ನ ಹಾಕ್ಲಾ? ಎರಡೂವರೆ ಆಯ್ತು ಮಹಾನುಭಾವ!"

ಕಿಲಿಯನ್ ಒದ್ದೆ ಕನ್ನಡಕ ಒರೆಸಿದ. "'ಸ್ತೋಯಾನ್ ಹೇಳಿದ' ಅಂತ ಇರೋ ಕಡೆಯೆಲ್ಲ 'ನಾನೇ ಕಂಡೆ' ಅಂತ ಹಾಕು."

ವೆನ್ಜೆಲ್ ಮುಖ ಎತ್ತಿದ. "ನೀವು ಕಂಡಿಲ್ವಲ್ಲ."

"ಹಾಕೋ ಮಾರಾಯ."

ಊರಿನ ಸಾಲು, ದೋಣಿಯ ಸಾಲು ಕಿತ್ತು ಅಲ್ಲೆಲ್ಲ ಮಳೆಯ ವರ್ಣನೆ ತುಂಬಿದರು.

ಮೂರನೆಯ ದಿನ ಪೊಲೀಸ್ ಕಚೇರಿಯಿಂದ ಕರೆ ಬಂತು. "ಕಣ್ಣಾರೆ ಕಂಡ್ರಾ?" ಎಂದ ಅಧಿಕಾರಿ.

"ಕಂಡೆ."

ಅಧಿಕಾರಿ ಅವನ ರಹದಾರಿ ಪತ್ರವನ್ನು ಮೇಜಿನ ಗೂಡಿಗೆ ಹಾಕಿ ಬೀಗ ತಿರುಗಿಸಿದ. ಅದಿಲ್ಲದೆ ಊರ ಸುಂಕದ ಕಟ್ಟೆ ದಾಟುವಂತಿಲ್ಲ.

ಅದಕ್ಕಿಂತ ಅವನನ್ನು ಕೊರೆದದ್ದು ಬೇರೆ. ಹೆಸರು ಕೀಳುವ ಮೊದಲು ತೆಗೆದ ಕರಡಚ್ಚು ಒಂದು ಸಿಕ್ಕಿರಲೇ ಇಲ್ಲ. ಅದು ಪೊಲೀಸರ ಕೈ ಸೇರಿದ್ದರೆ? "ಒಲೆಗೆ ಹಾಕಿರ್ಬೇಕು," ಎನ್ನುತ್ತಿದ್ದ ವೆನ್ಜೆಲ್. ಇರ್ಬೇಕು! ದಿನವೂ ಕಿಲಿಯನ್ ನದಿಯ ಕಟ್ಟೆಗೆ ಹೋಗಿ, ಕೆಳಸೀಮೆಯಿಂದ ಬಂದ ದೋಣಿಯವರನ್ನು ಕೇಳುತ್ತಿದ್ದ. ಹನ್ನೊಂದು ವಾರ ಯಾರೂ ಸ್ತೋಯಾನನನ್ನು ಕಂಡಿರಲಿಲ್ಲ.

ಹನ್ನೆರಡನೆಯ ವಾರ ಹಂದಿ ಸಾಗಿಸುವ ದೋಣಿಯವನೊಬ್ಬ ನಕ್ಕ. "ಸ್ತೋಯಾನಾ? ಹೋದ ವಾರ ಅವನ ದಂಡೇಲೇ ದೋಣಿ ಕಟ್ಟಿದ್ದೆ. ವಿಯೆನ್ನಾದ ಕನ್ನಡಕದೋನು ಯಾವನೋ ಕೊಡೆ ಬಿಟ್ಟುಹೋದ, ಕೇಳೋಕೂ ಬರ್ಲಿಲ್ಲ, ಸೊಕ್ಕಿನ ನನ್ಮಗ ಅಂತ ಬೈತಿದ್ದ."

ಕಿಲಿಯನ್ ಹಗ್ಗದ ಸುರುಳಿಯ ಮೇಲೆ ಕೂತ.

"ಬೈತಿದ್ನಾ? ಇನ್ನೇನೇನು ಬೈದ? ಒಂದೂ ಬಿಡದೆ ಹೇಳಪ್ಪ," ಎಂದ.